ಖಾಲಿ ಬಿಟ್ಟ ಸಾಲು

ಜೂನ್ ೧೪, ಭಾನುವಾರ

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ನಾಲ್ಕು ಸಲ ಉತ್ತರ ಬರೆದು ಹರಿದೆ, ತಪ್ಪು ತಿಳಿಯಬೇಡ. ಕೆಮ್ಮು ನಿಂತಿತೆ? ಬಟ್ಟೆ ಅಂಗಡಿಯಲ್ಲಿ ಇಡೀ ದಿನ ನಿಂತೇ ಇರುತ್ತೀಯ, ಕಾಲು ಊದಿದರೆ ಅಸಡ್ಡೆ ಮಾಡಬೇಡ. ಮನೆಗೆ ಬೀಗ ಹಾಕಿದ ಮೇಲೆ ಒಮ್ಮೆ ಎಳೆದು ನೋಡು.

ಇಲ್ಲಿ ಹೊಲಿಗೆ ಕಾರ್ಖಾನೆಯಲ್ಲಿ ನನ್ನನ್ನು ಸೂಪರ್‌ವೈಸರ್ ಮಾಡುತ್ತಾರಂತೆ. ಆದರೆ ಇಂಗ್ಲಿಷ್ ಮಾತಿನ ಪರೀಕ್ಷೆ ಪಾಸಾಗಬೇಕು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಈಗ ಊಟದ ಬಿಡುವಿನಲ್ಲಿ ಪಾಠಕ್ಕೆ ಕೂರುತ್ತೇನೆ.

ಇಂಗ್ಲಿಷಿನಲ್ಲಿ ಮನಸ್ಸಿನ ಮಾತು ಒಂದೊಂದಕ್ಕೂ ಬಾಲದ ಹಾಗೆ ಒಂದು ಪುಟ್ಟ ಮಾತು ಬರಬೇಕಂತೆ. ಹೆದರಿಕೆಯ ಅಫ್ರೇಡ್‌ಗೆ 'ಆಫ್', ಚಿಂತೆಯ ವರೀಡ್‌ಗೆ 'ಅಬೌಟ್', ಕೋಪದ ಆಂಗ್ರಿಗೆ 'ವಿತ್'. ನಮಗೆ ಕೋಪ ಯಾರ ಮೇಲೋ ಬರುತ್ತದೆ, ಇಂಗ್ಲಿಷಿನವರಿಗೆ ಯಾರ ಜೊತೆಗೋ ಬರುತ್ತದೆ. ಪಟ್ಟಿ ಬರೆದು ಮೆಷಿನ್ನಿಗೆ ಅಂಟಿಸಿಕೊಂಡಿದ್ದೇನೆ. ಒಂದು ನೆನಪಾದರೆ ಇನ್ನೊಂದು ಮರೆಯುತ್ತದೆ.

"ನಿಮ್ಮನೆ ವಿಷಯಾನೇ ಬರೀರಿ, ನಿಜ ಬರೆದ್ರೆ ತಲೇಲಿ ನಿಲ್ಲುತ್ತೆ" ಅಂದರು ಟೀಚರಮ್ಮ. ತಂಗಿಯ ಬಗ್ಗೆ ಚಿಂತೆ, ತಂಗಿ ಅಂದರೆ ಹೆಮ್ಮೆ, ತಂಗಿಯ ಮೇಲೆ ಕೋಪ ಅಂತ ಬರೆದೆ. ಪಕ್ಕದ ಮೆಷಿನ್ನಿನವಳು ಇಣುಕಿ, "ಏನಕ್ಕಾ, ತಂಗಿ ಇಲ್ದಿದ್ರೆ ನಿನ್ ಬಾಯಲ್ಲಿ ಇಂಗ್ಲಿಷೇ ಹೊರಡಲ್ವಾ?" ಅಂದಳು. ಎಲ್ಲರೂ ನಕ್ಕರು. ಕೋಪ ಯಾಕೆ ಅಂತೀಯಾ? ಪ್ರತಿ ಕಾಗದದಲ್ಲೂ 'ನನ್ನ ಹಣೆಬರಹವೇ ಇಷ್ಟು ಅಕ್ಕಾ' ಅಂತ ಬರೆಯುತ್ತೀಯಲ್ಲ, ಅದಕ್ಕೆ.

ಅಶೇಮ್ಡ್ ಅಂದರೆ ನಾಚಿಕೆಪಡುವುದು. ಆ ಸಾಲು ಮಾತ್ರ ಖಾಲಿ ಬಿಟ್ಟೆ. "ಇದಕ್ಕೂ 'ಆಫ್' ಕಣಮ್ಮಾ, ನಿನ್ನೆ ತಾನೆ ಹೇಳಿದ್ನಲ್ಲ" ಅಂದರು ಟೀಚರಮ್ಮ. ನನಗೆ ಗೊತ್ತಿತ್ತು. ಮರೆತೆ ಅಂದುಬಿಟ್ಟೆ.

ನಾಳೆ ಬೆಳಿಗ್ಗೆ ಪರೀಕ್ಷೆ. ಹೊತ್ತು ಹೊತ್ತಿಗೆ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ,
ನಿನ್ನ ಅಕ್ಕ

ವಿ.ಸೂ.: ನರ್ಸ್ ತರಬೇತಿಗೆ ಸೀಟು ಸಿಗಲಿಲ್ಲ ಅಂತ ನೀನು ವಾರವಿಡೀ ಅತ್ತೆಯಲ್ಲ, ಅದು ಸಿಕ್ಕಿತ್ತು ಪುಟ್ಟಿ. ಕಾಗದ ನನ್ನ ಕೈಗೆ ಬಂದಿತ್ತು. ಹಾಸಿಗೆ ಹಿಡಿದ ಅಮ್ಮನನ್ನು ಒಬ್ಬಳೇ ಹೇಗೆ ನೋಡಿಕೊಳ್ಳಲಿ ಅಂತ ಹೆದರಿ ಬಚ್ಚಿಟ್ಟೆ. ಅಮ್ಮ ಹೋಗಿ ಒಂಬತ್ತು ವರ್ಷವಾದರೂ ಹೇಳಲು ಬಾಯಿ ಬರಲಿಲ್ಲ. ನಾಳೆ ಪರೀಕ್ಷೆಯಲ್ಲಿ ಆ 'ಅಶೇಮ್ಡ್' ಮಾತೇ ಕೇಳಿದರೆ ನಿಜ ಹೇಳಬೇಕು ಅಂದುಕೊಂಡಿದ್ದೇನೆ. ಹೊರಗಿನವರ ಮುಂದೆ ಹೇಳುವ ಮೊದಲು ನಿನಗೆ ಹೇಳಬೇಕಲ್ಲ. ಇದನ್ನು ಡಬ್ಬಿಗೆ ಹಾಕಿಯೇ ಪರೀಕ್ಷೆಗೆ ಹೋಗುತ್ತೇನೆ. ಆ ಕಾಗದವನ್ನೂ ಇದರೊಳಗೆ ಇಟ್ಟಿದ್ದೇನೆ. ಮಡಿಕೆ ಸವೆದಿದೆ, ಮೆಲ್ಲಗೆ ಬಿಡಿಸು.