ಮಗ್ಗ ನಿಂತು ಬಿಪಿ ಏರಿದ್ದು

ಇಳಕಲ್, ೧೨ ನವೆಂಬರ್ ೧೯೮೩, ಶನಿವಾರ

ಬೆಳಿಗ್ಗೆ ದವಾಖಾನೆಗೆ ಹೋಗಿದ್ದೆ; ಬಿಪಿ ಇಂದೂ ಇಳಿದಿಲ್ಲ. ರಾತ್ರಿ ನೇಯುವುದು ಬಿಟ್ಟು ಬೇಗ ಮಲಗು, ನಿದ್ದೆಯಲ್ಲಿ ಅದು ತಾನಾಗಿ ಇಳಿಯುತ್ತದೆ ಎಂದವರು ಡಾಕ್ಟರೇ. ನನಗೋ ಊರು ಮಲಗಿದ ಮೇಲೆಯೇ ಕೈ ಓಡುವುದು. ವಾರದಿಂದ ಮಗ್ಗ ನಿಲ್ಲಿಸಿ, ಹಾಸಿಗೆಯಲ್ಲಿ ಜಂತಿ ಎಣಿಸುತ್ತಿದ್ದೇನೆ.

"ಮಕ್ಕೊ ಅಂದ್ರಿ, ಮಕ್ಕೊಂಡೇನ್ರಿ. ನಿದ್ದಿ ಬರಬೇಕಲ್ರಿ," ಎಂದೆ ಡಾಕ್ಟರಿಗೆ.

ಜೊತೆಗೆ ಬಂದಿದ್ದ ಹೆಂಡತಿ ಸುಂದರವ್ವನ ತೋಳಿಗೂ ಬಿಪಿ ಪಟ್ಟಿ ಸುತ್ತಿದರು. ಅವಳದು ನನಗಿಂತ ಹೆಚ್ಚು. ಕೋಳಿಗಿಂತ ಮೊದಲೇ ಏಳುವವಳು. ಮದುವೆಯಾದಾಗಿನಿಂದ ಮಗ್ಗದ ಸದ್ದಿಗೆ ನನ್ನನ್ನು ಬೈದವಳು.

ಈಗ ರಾತ್ರಿ ಹಾಸಿಗೆಯಲ್ಲಿ ಹೊರಳಾಡಿ ಹೊರಳಾಡಿ ಕೊನೆಗೆ ಅಂದಳು: "ಏಳ್ರಿ, ಒಂದ್ ಗೇಣರೆ ನೇಯ್ರಿ. ಆ ಸಪ್ಪಳ ಇಲ್ದ ನನಗ ನಿದ್ದಿ ಹತ್ತವಲ್ದು."

ಮಗ್ಗದ ಕುಣಿಗೆ ಇಳಿದೆ. ಲಾಳಿ ಓಡಿತೋ ಇಲ್ಲವೋ, ಅವಳ ಗೊರಕೆ ಶುರು. ಡಾಕ್ಟರಿಗೆ ಏನು ಹೇಳುವುದೋ... ಇಷ್ಟು ಬರೆಯಲೆಂದು ಮಗ್ಗ ನಿಲ್ಲಿಸಿದೆ. ಗೊರಕೆಯೂ ನಿಂತಿತು.