ಅಪ್ಪನ ಎತ್ತರದ ಸ್ಟೂಲು

ಪುಟ್ಟಿ,

ಕೆಲಸಕ್ಕೆ ಹೊರಟೆ, ಎಬ್ಬಿಸೋಕೆ ಮನಸ್ಸಾಗಲಿಲ್ಲ. ತಿಂಡಿ ಮುಚ್ಚಿಟ್ಟಿದ್ದೀನಿ. ತಿಂದೇ ಡ್ರಮ್ ಮುಂದೆ ಕೂರು.

ಸ್ಟಿಕ್ಕುಗಳನ್ನ ಕೋಳಿ ಕತ್ತು ಹಿಚುಕಿದ ಹಾಗೆ ಹಿಡೀಬೇಡ. ಸಡಿಲ ಬಿಟ್ರೆ ಅವೇ ಪುಟಿದು ಬರುತ್ವೆ, ಮಣಿಕಟ್ಟೂ ನೋಯಲ್ಲ. ಮೊದಲು ನಿಧಾನಕ್ಕೆ ಬಾರಿಸು. ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ.

ಕಾಲಿನ ಪೆಟ್ಟು ತಡವಾಗುತ್ತೆ ಅಂತ ಪೆಡಲನ್ನ ಬೈಬೇಡ. ಅದರ ಸ್ಪ್ರಿಂಗ್ ತಿರುಗಿಸಿದ್ದು ಸಾಕು. ತಪ್ಪು ಸ್ಟೂಲಿಂದು. ಅದು ಇನ್ನೂ ನಿನ್ನಪ್ಪನ ಎತ್ತರಕ್ಕೇ ಇತ್ತು. ತುದಿಗಾಲಲ್ಲಿ ಪೆಡಲ್ ಎಟುಕಿಸ್ಕೊಂಡ್ರೆ ಪೆಟ್ಟು ಸರಿಯಾಗಿ ಹೇಗೆ ಬೀಳುತ್ತೆ? ಅವರು ಹೋದ್ಮೇಲೆ ಅದನ್ನ ಮುಟ್ಟೋಕೆ ನಿನಗೂ ಧೈರ್ಯ ಬರಲಿಲ್ಲ, ನನಗೂ ಬರಲಿಲ್ಲ. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಇವತ್ತು ನಾನೇ ಇಳಿಸಿದೆ. ತಿರುಪು ಜಪ್ಪಯ್ಯ ಅಂದ್ರೂ ಬಿಡ್ತಿರಲಿಲ್ಲ. ಅವರು ಬಿಗಿದದ್ದೆಲ್ಲ ಹಾಗೇ.

ಈಗ ನಿನ್ನ ಪಾದ ಪೂರ್ತಿ ಊರುತ್ತೆ, ನೋಡ್ಕೊ. ಮುಖ ಊದಿಸ್ಕೋಬೇಡ. ಹಳೇ ಎತ್ತರ ಗೊತ್ತಾಗ್ಲಿ ಅಂತ ಸ್ಟೂಲಿನ ಕಂಬಿ ಮೇಲೆ ನಿನ್ನ ನೇಲ್ ಪಾಲಿಶಿಂದ ಗೆರೆ ಹಾಕಿದ್ದೀನಿ, ಅಳಿಸ್ಬೇಡ.

ಭಾನುವಾರ ಸ್ಟೂಲನ್ನ ಆ ಗೆರೆಗೇ ಏರಿಸಿ ಕೊಡು. ನಾನೂ ಒಂದ್ಸಲ ಕೂತು ನೋಡ್ತೀನಿ.

ಅಮ್ಮ