ಹಿಂದಕ್ಕೆ ತಿರುಗದ ಟಿಕೆಟ್ಟು

ಪ್ರೀತಿಯ ಅಪ್ಪನಿಗೆ,

ಲಿಫ್ಟ್ ರಿಪೇರಿಗೆಂದು ದೇಶ ದೇಶಕ್ಕೆ ಹಾರಿ ನೀವು ಕೂಡಿಸಿದ, ಪುಕ್ಕಟೆ ಟಿಕೆಟ್ಟು ಕೊಡಿಸುವ ವಿಮಾನದ ಮೈಲ್ಸನ್ನೆಲ್ಲ ನನ್ನ ಹೆಸರಿಗೆ ಮಾಡಿಸಿ, "ಪ್ರಪಂಚ ಸುತ್ಕೊಂಡು ಬಾ ಮಗಳೇ, ನಾನಂತೂ ಎಲ್ಲಾ ನೋಡ್ಬಿಟ್ಟಿದ್ದೀನಿ" ಅಂದಿರಿ. ಫೋನಿನಲ್ಲಿ ಬರೀ ಥ್ಯಾಂಕ್ಸ್ ಅಂದು ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ.

ಆಮೇಲೆ ನಗು ಬಂತು. ನೀವು ನೋಡಿದ್ದಾದರೂ ಏನನ್ನು? ಚಿಕ್ಕವಳಿದ್ದಾಗ "ಆ ಊರು ಹೇಗಿತ್ತಪ್ಪಾ?" ಎಂದು ಕೇಳಿದರೆ, "ಹದಿನೆಂಟು ಮಹಡಿ ಕಣೇ, ರೋಪು ಸವೆದುಹೋಗಿತ್ತು, ಬದಲಾಯಿಸ್ದೆ" ಅನ್ನುತ್ತಿದ್ದಿರಿ. ಕೆಲಸ ಮುಗಿದದ್ದೇ ತಡ, ಉಗುರಿನ ಗ್ರೀಸೂ ಹೋಗುವ ಮೊದಲೇ ಮನೆಗೆ ಓಡಿ ಬರುತ್ತಿದ್ದಿರಿ. ನನ್ನ ಶಾಲೆಯ ಒಂದು ನಾಟಕವನ್ನೂ ನೀವು ತಪ್ಪಿಸಲಿಲ್ಲ. ಅದಕ್ಕಾಗಿ ಎಷ್ಟು ಊರುಗಳನ್ನು ನೋಡದೆ ಬಿಟ್ಟಿರಿ ಎಂಬುದು ಈಗ ಹೊಳೆಯುತ್ತಿದೆ.

ಆದ್ದರಿಂದ ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ನನ್ನೊಬ್ಬಳಿಗೆ ಹತ್ತು ಊರು ಸುತ್ತಲು ಸಾಕಾಗುತ್ತಿದ್ದ ಮೈಲ್ಸಿನಲ್ಲಿ ನಮ್ಮ ಮೂವರಿಗೂ ನಾಲ್ಕು ಊರಿನ ಟಿಕೆಟ್ಟು ಮಾಡಿಸಿದ್ದೇನೆ. ನಾಲ್ಕೂ ನೀವು ಲಿಫ್ಟ್ ಸರಿಮಾಡಿದ ಊರುಗಳೇ. ಅಮ್ಮನಿಗೆ ಎಲ್ಲಾ ಗೊತ್ತು. ನಿಮ್ಮೆದುರು ನಗು ತಡೆದುಕೊಂಡು ಓಡಾಡುತ್ತಿದ್ದಾಳೆ.

ಸ್ಪ್ಯಾನರ್ ಚೀಲವನ್ನು ದಯವಿಟ್ಟು ಮನೆಯಲ್ಲೇ ಬಿಡಿ. ಪ್ರಪಂಚ ಸುತ್ತುವ ಈ ಟಿಕೆಟ್ಟಿಗೊಂದು ನಿಯಮವಿದೆ: ಒಂದೇ ದಿಕ್ಕಿಗೆ ಮುಂದೆ ಮುಂದೆ ಹೋಗಬೇಕು, ಹಿಂದಕ್ಕೆ ತಿರುಗುವ ಹಾಗಿಲ್ಲ. ಹಾಗಾಗಿ ಅವಸರಪಟ್ಟು ಮನೆಗೆ ಓಡಲು ನೋಡಬೇಡಿ, ಅಪ್ಪಾ. ಈ ಸಲ ಮನೆಯಲ್ಲಿ ನಿಮ್ಮ ದಾರಿ ಕಾಯುವವರು ಯಾರೂ ಇರುವುದಿಲ್ಲ. ಇಬ್ಬರೂ ನಿಮ್ಮ ಪಕ್ಕದಲ್ಲೇ ಕೂತಿರುತ್ತೇವೆ.

ಕಿಟಕಿ ಸೀಟನ್ನು ನಿಮಗೇ ಬಿಟ್ಟುಕೊಟ್ಟಿರುವ,
ನಿಮ್ಮ ಮಗಳು